ಒಜೆಲ್ಲಾ ಲೆಕ್ಕ ಕೊಡದ ಗಂಟೆಗಳು

ಬಾತುಕೋಳಿಯ ಪುಕ್ಕ ಕೀಳುವುದರಲ್ಲಿ ಒಜೆಲ್ಲಾ ಪೆಟಸ್‌ಳದು ಎತ್ತಿದ ಕೈ. ಮಿಸಿಸಿಪಿ ನದಿಯ ಈ ದಂಡೆಯಲ್ಲಿ, ನಮ್ಮ ಟಾಲ್ಬರ್ಟ್ ಊರಿನಿಂದ ಹಿಡಿದು ಕೆಳಗಿನ ಸೇತುವೆಯವರೆಗೆ, ಅವಳ ಸಮಕ್ಕೆ ನಿಲ್ಲುವವರು ಇರಲಿಲ್ಲ. ನವೆಂಬರ್ ಕೊನೆಗೆ ಕೊಯ್ಲಾದ ಭತ್ತದ ಗದ್ದೆಗಳಿಗೆ ನೀರು ಬಿಡುತ್ತಾರೆ. ಉತ್ತರದಿಂದ ಬಾತುಗಳು ಬಂದಿಳಿಯುತ್ತವೆ. ಅವುಗಳ ಬೆನ್ನಿಗೇ ಪಟ್ಟಣದ ಬೇಟೆಗಾರರು ದೊಡ್ಡ ದೊಡ್ಡ ಗಾಡಿಗಳಲ್ಲಿ ಬಂದಿಳಿಯುತ್ತಾರೆ. ಅಲ್ಲಿಂದ ಅರವತ್ತು ದಿನ ಡೇಲ್ ಓವರ್ಬಿಯ ಶೆಡ್ಡಿನಲ್ಲಿ ಹಬ್ಬ. ಹಬ್ಬ ಓವರ್ಬಿಗೆ, ಕೆಲಸ ಒಜೆಲ್ಲಾಳಿಗೆ.

ರಬ್ಬರ್ ಬೆರಳುಗಳ ಯಂತ್ರಕ್ಕೆ ಹಕ್ಕಿಯನ್ನು ಒಡ್ಡಿ ಪುಕ್ಕ ಉದುರಿಸುವುದು, ಉಳಿದ ತುಪ್ಪಳ ಹೋಗಲೆಂದು ಬಿಸಿ ಮೇಣದಲ್ಲಿ ಅದ್ದಿ ತಣ್ಣೀರಿಗೆ ಹಾಕುವುದು, ಗಟ್ಟಿಯಾದ ಮೇಣವನ್ನು ಕಿತ್ತಲೆ ಸಿಪ್ಪೆಯ ಹಾಗೆ ಸುಲಿಯುವುದು, ಹೊಟ್ಟೆ ಸೀಳಿ ತೊಳೆದು ಬೇಟೆಗಾರನ ಹೆಸರಿನ ಚೀಟಿ ಕಟ್ಟಿ ಇಡುವುದು. ದಿನಕ್ಕೆ ಇನ್ನೂರೈವತ್ತು ಹಕ್ಕಿ. ಹನ್ನೆರಡು ಗಂಟೆ ಒದ್ದೆ ನೆಲದ ಮೇಲೆ ನಿಂತೇ ಮಾಡುವ ಕೆಲಸ. ಇಪ್ಪತ್ತಮೂರು ವರ್ಷದಲ್ಲಿ ಅವಳು ಒಂದು ದಿನ ಸ್ಟೂಲು ಕೇಳಿದವಳಲ್ಲ. ಹೊಸದಾಗಿ ಬಂದ ಹುಡುಗಿಯರು ಸೊಂಟ ಹಿಡಿದುಕೊಂಡು ಮೂಲೆಯಲ್ಲಿ ಕೂತರೆ, "ಏನಮ್ಮಾ, ಬಾತು ನಿನ್ನ ಪುಕ್ಕ ಕಿತ್ತಿತಾ?" ಎಂದು ರೇಗಿಸುತ್ತಿದ್ದಳು.

ಬಾತು ಹೋದ ಮೇಲೆ ವರ್ಷದ ಉಳಿದ ಹತ್ತು ತಿಂಗಳು ನಮ್ಮ ಊರಿನಲ್ಲಿ ಕೆಲಸವೆನ್ನುವುದು ಇಲ್ಲ. ಹೆದ್ದಾರಿಯ ಪಕ್ಕದ ಮೋಟೆಲಿನಲ್ಲಿ ಶನಿವಾರ ಪೂರ್ತಿ, ಸೋಮವಾರ ಬೆಳಿಗ್ಗೆ ಒಂದಿಷ್ಟು ಹೊತ್ತು ಕೋಣೆ ಗುಡಿಸುವ ಕೆಲಸವಿತ್ತು. ತಿಂಗಳಿಗೆ ಮೂವತ್ತಾರು ಗಂಟೆ. ಅದಕ್ಕಿಂತ ಹೆಚ್ಚು ಕೊಡಿ ಎಂದು ಅವಳು ಕೇಳಿದ್ದಳು. ಕೋಣೆಗಳೇ ಖಾಲಿ ಬಿದ್ದಿರುವಾಗ ಯಾರದ್ದನ್ನು ಗುಡಿಸುತ್ತೀ ಎಂದಿದ್ದರು.

ಮೂವತ್ತನಾಲ್ಕನೆಯ ವಯಸ್ಸಿಗೆ ಅವಳಿಗೆ ಸಕ್ಕರೆ ಕಾಯಿಲೆ ಹಿಡಿಯಿತು. ಅವಳ ತಾಯಿಗಿತ್ತು, ಅಕ್ಕನಿಗಿತ್ತು, ಇಬ್ಬರನ್ನೂ ಅದೇ ತಿಂದಿತು. ಅಕ್ಕ ಸತ್ತಾಗ ಅಕ್ಕನ ಮಗಳು ಡ್ವಾನಾಗೆ ಒಂಬತ್ತು ವರ್ಷ. ಅವಳನ್ನು ಒಜೆಲ್ಲಾ ತನ್ನ ತಗಡಿನ ಮನೆಗೆ ತಂದು ಸಾಕಿದಳು. ಸ್ವಂತ ಮಕ್ಕಳಿರಲಿಲ್ಲ, ಇದ್ದ ಗಂಡ ಒಂದು ದಿನ ಸಿಗರೇಟು ತರುತ್ತೇನೆಂದು ಹೋದವನು ಇನ್ನೂ ತರುತ್ತಲೇ ಇದ್ದಾನೆ. ಡ್ವಾನಾಗೆ ಹನ್ನೆರಡನೆಯ ವಯಸ್ಸಿನಿಂದ ಮೂರ್ಛೆ ಬರುತ್ತಿತ್ತು. ಮಾತ್ರೆ ತಪ್ಪಿದರೆ ನಿಂತಲ್ಲೇ ಬೀಳುತ್ತಿದ್ದಳು. ಈಗ ಅವಳಿಗೆ ಇಪ್ಪತ್ತೆಂಟು, ಊರಿನ ಸಣ್ಣ ಅಂಗಡಿಯೊಂದರಲ್ಲಿ ಗಲ್ಲಾಪೆಟ್ಟಿಗೆಯ ಮುಂದೆ ನಿಲ್ಲುತ್ತಿದ್ದಳು.

ಇಬ್ಬರಿಗೂ ಸರಕಾರದ ಆರೋಗ್ಯ ಕಾರ್ಡ್ ಬಂದದ್ದು ನಾಲ್ಕು ವರ್ಷದ ಹಿಂದೆ. ಅದಕ್ಕೆ ಮೊದಲು ಒಜೆಲ್ಲಾ ಇನ್ಸುಲಿನ್ ಇದ್ದಾಗ ಚುಚ್ಚಿಕೊಂಡು, ಇಲ್ಲದಾಗ ದೇವರ ಮೇಲೆ ಭಾರ ಹಾಕಿ ಬದುಕಿದವಳು. ಕಾರ್ಡ್ ಬಂದ ಮೇಲೆ ಪ್ರತಿ ತಿಂಗಳೂ ಸೀಸೆ ಕೈಗೆ ಬಂತು. ಕಣ್ಣು ತಿಳಿಯಾಯಿತು, ಕಾಲಿನ ಉರಿ ಇಳಿಯಿತು. ಆ ಕಾರ್ಡನ್ನು ಅವಳು ಬೈಬಲ್ಲಿನೊಳಗೆ ಇಟ್ಟುಕೊಳ್ಳುತ್ತಿದ್ದಳು. ಅದಿದ್ದರೆ ಇನ್ಸುಲಿನ್, ಇನ್ಸುಲಿನ್ ಇದ್ದರೆ ಕೆಲಸ. ಇಷ್ಟು ಸಣ್ಣ ಮಾತು ರಾಜಧಾನಿಯಲ್ಲಿ ಕೂತವರ ತಲೆಗೆ ತಿರುಗುಮುರುಗಾಗಿ ಹೊಕ್ಕಿತು ಎಂಬುದೇ ನನ್ನ ಸಿಟ್ಟು.

ಇನ್ನೊಂದು ಸಂಗತಿ ಹೇಳದೆ ಅವಳ ಕತೆ ಅರ್ಥವಾಗುವುದಿಲ್ಲ. ನಮ್ಮ ಸ್ವೀಟ್ ಗಮ್ ಚರ್ಚಿನಲ್ಲಿ ಬಿಳಿ ಕೈಗವಸಿನ ಹೆಂಗಸರು ಅಂತ ಇದ್ದಾರೆ. ಊರಲ್ಲಿ ಯಾರೇ ಹಾಸಿಗೆ ಹಿಡಿದರೂ ಇವರು ಸರದಿಯ ಮೇಲೆ ಹೋಗಿ ಪಕ್ಕದಲ್ಲಿ ಕೂರುತ್ತಾರೆ. ಉಣಿಸುವುದು, ಒರೆಸುವುದು, ಮಗ್ಗುಲು ತಿರುಗಿಸುವುದು, ಸುಮ್ಮನೆ ಕೈ ಹಿಡಿದಿರುವುದು. ಮೂವತ್ತು ವರ್ಷ ಅವರಿಗೆಲ್ಲ ಯಜಮಾನಿಯಾಗಿದ್ದವರು ಮದರ್ ಗ್ರಿಗ್ಸ್ಬಿ. ಒಜೆಲ್ಲಾಳ ತಾಯಿ ಸಾಯುವಾಗ ಹನ್ನೊಂದು ವಾರ ದಿನವೂ ಬಂದು ಕೂತವರು ಅವರೇ. ಅದಾದ ಮೇಲೆ ಹದಿನೆಂಟು ವರ್ಷದಲ್ಲಿ ಒಮ್ಮೆಯೂ, ಮಾತಿನ ಭರದಲ್ಲೂ, ಆ ಹನ್ನೊಂದು ವಾರದ ಸುದ್ದಿ ಅವರ ಬಾಯಿಂದ ಬರಲಿಲ್ಲ. ಒಜೆಲ್ಲಾಳನ್ನು ಆ ಗುಂಪಿಗೆ ಸೇರಿಸಿಕೊಂಡು ಕೈಗವಸು ತೊಡಿಸಿದ ಭಾನುವಾರ ಅವರು ಎಲ್ಲರಿಗೂ ಹೇಳುವ ಮಾತನ್ನೇ ಅವಳಿಗೂ ಹೇಳಿದ್ದರು: "ಆ ಬಾಗಿಲೊಳಗೆ ನೋಡಿದ್ದು ಬಾಗಿಲೊಳಗೇ ಇರ್ಲಿ, ಮಗಳೇ. ಕೂತ ಗಂಟೆ ಎಣಿಸ್ಬೇಡ. ಎಣಿಸಿದ್ರೆ ಅದು ಕೂಲಿ ಆಗುತ್ತೆ."

ಹೋದ ವರ್ಷದ ವಸಂತದಲ್ಲಿ ಮದರ್ ಗ್ರಿಗ್ಸ್ಬಿಗೇ ಲಕ್ವ ಹೊಡೆಯಿತು. ಎಂಬತ್ತನಾಲ್ಕು ವರ್ಷದ ಹೆಂಗಸಿಗೆ ಬಲಭಾಗ ಪೂರಾ ಬಿದ್ದುಹೋಯಿತು. ಮಾತೂ ಹೋಯಿತು, ಎರಡು ಪದ ಬಿಟ್ಟು. ಏನು ಕೇಳಿದರೂ "ಹೂಂ ಮಗಳೇ" ಅಂತಲೇ ಹೇಳುತ್ತಿದ್ದರು. ಸೂಪ್ ಬೇಕಾ? ಹೂಂ ಮಗಳೇ. ಕಿಟಕಿ ಮುಚ್ಚಲಾ? ಹೂಂ ಮಗಳೇ. ತೆಗೆಯಲಾ? ಹೂಂ ಮಗಳೇ. ಜೊತೆಗಿದ್ದ ತಮ್ಮನ ಮಗ ಹಗಲೆಲ್ಲ ಧಾನ್ಯದ ಗೋದಾಮಿನಲ್ಲಿ ಕೆಲಸಕ್ಕಿರುತ್ತಿದ್ದ. ಹಾಗಾಗಿ ಬಾತಿನ ಕಾಲ ಬಿಟ್ಟು ಉಳಿದ ದಿನಗಳಲ್ಲಿ ಸೋಮವಾರದಿಂದ ಶುಕ್ರವಾರದವರೆಗೆ ಮಧ್ಯಾಹ್ನ ಹನ್ನೆರಡರಿಂದ ಸಂಜೆ ಆರರವರೆಗೆ ಅಲ್ಲಿ ಒಜೆಲ್ಲಾ ಕೂರುತ್ತಿದ್ದಳು. ಎಷ್ಟು ಗಂಟೆ ಆಯಿತು ಎಂದು ನೀವು ಬೇಕಾದರೆ ಗುಣಿಸಿಕೊಳ್ಳಿ. ಅವಳು ಗುಣಿಸಲಿಲ್ಲ.

ಮೇ ತಿಂಗಳಲ್ಲಿ ಸರಕಾರದ ಕಾಗದ ಬಂತು. ಆರು ಪುಟ. ಡ್ವಾನಾ ಅಡುಗೆಮನೆಯ ಮೇಜಿನ ಮೇಲೆ ಹರಡಿಕೊಂಡು ಓದಿ ಹೇಳಿದಳು. ಕಾರ್ಡ್ ಉಳಿಯಬೇಕಾದರೆ ಇನ್ನು ಮೇಲೆ ತಿಂಗಳಿಗೆ ಎಂಬತ್ತು ಗಂಟೆ ದುಡಿದದ್ದನ್ನು, ಇಲ್ಲವೇ ಓದಿದ್ದನ್ನು, ಇಲ್ಲವೇ ಪುಕ್ಕಟೆ ಸೇವೆ ಮಾಡಿದ್ದನ್ನು ತೋರಿಸಬೇಕು. ಮುಂದಿನ ತಿಂಗಳ ಐದರೊಳಗೆ ಕಂಪ್ಯೂಟರಿನಲ್ಲೇ ತೋರಿಸಬೇಕು. ಕಾಯಿಲೆಯಿಂದ ಅಶಕ್ತರಾದವರಿಗೆ, ಅಶಕ್ತರನ್ನು ನೋಡಿಕೊಳ್ಳುವವರಿಗೆ ವಿನಾಯಿತಿ, ಆದರೆ ಅದನ್ನೂ ಕೇಳಿಯೇ ಪಡೆಯಬೇಕು. ಮೂರು ತಿಂಗಳು ತಪ್ಪಿದರೆ ವರ್ಷ ಮುಗಿಯುವವರೆಗೆ ಕಾರ್ಡ್ ಬಂದ್. ಈ ವರ್ಷ ಮೂವತ್ತರಿಂದ ನಲವತ್ತೊಂಬತ್ತರವರಿಗೆ, ಡ್ವಾನಾಳಂಥ ಚಿಕ್ಕವರಿಗೆ ಬರುವ ಜನವರಿಯಿಂದ. ಐವತ್ತು ತುಂಬಿದವರಿಗೆ ಯಾವ ಕಾಟವೂ ಇಲ್ಲ. ಒಜೆಲ್ಲಾಳಿಗೆ ಐವತ್ತು ತುಂಬಲು ಒಂಬತ್ತು ತಿಂಗಳು ಬಾಕಿ ಇತ್ತು.

ಜುಲೈ ಮೊದಲ ವಾರ ಡ್ವಾನಾ ತನ್ನ ಫೋನಿನಲ್ಲೇ ಆ ಪುಟ ತೆರೆದಳು. ಹಿಂದಿನ ದಿನ ಅಂಗಡಿಯಿಂದ ಬಂದ ಮೇಲೆ ತೆರೆಯಲು ನೋಡಿದ್ದಳು, ಆಗಲೇ ಒಂಬತ್ತಾಗಿ ಪುಟ ಮುಚ್ಚಿತ್ತು. ಬೆಳಿಗ್ಗೆ ಏಳಕ್ಕೆ ಬನ್ನಿ ಎಂದಿತ್ತು. ಯಂತ್ರಕ್ಕೂ ನಿದ್ದೆ ಬೇಕು ಎನ್ನುವುದು ನಮಗೆ ಗೊತ್ತಾದದ್ದೇ ಆವಾಗ.

"ಚಿಕ್ಕಮ್ಮ, ಇಲ್ಲಿ ಕೇಳ್ತಾ ಇದೆ. ನೀವು ಕಾಯಿಲೆಯಿಂದ ಅಶಕ್ತರೇ?"

"ಯಾರು, ನಾನಾ?" ಒಜೆಲ್ಲಾ ಸೊಪ್ಪು ಹೆಚ್ಚುತ್ತಿದ್ದ ಚಾಕು ಹಿಡಿದೇ ತಿರುಗಿದಳು. "ನಿನ್ನ ಎತ್ತಿ ಆಡಿಸಿದ ತೋಳು ನೋಡೇ ಇದು. ಇಲ್ಲ ಅಂತ ಒತ್ತು."

"ಸಕ್ಕರೆ ಇದೆಯಲ್ಲ ನಿಂಗೆ. ದಿನಾ ಚುಚ್ಕೋತೀಯಲ್ಲ."

"ಚುಚ್ಕೊಂಡು ಏನ್ ಮಾಡ್ತೀನಿ? ಮಲ್ಕೋತೀನಾ? ಕೆಲಸಕ್ಕೆ ಹೋಗ್ತೀನಿ. ಅಶಕ್ತೆ ಅಂತ ಬರ್ದಿದ್ದು ನಾಳೆ ಮಿಸ್ಟರ್ ಡೇಲ್ ಕಿವಿಗೆ ಬಿದ್ರೆ ನವೆಂಬರಲ್ಲಿ ನನ್ನ ಶೆಡ್ ಒಳಗೆ ಬಿಟ್ಕೋತಾನಾ? ಇಲ್ಲ ಅಂತ ಒತ್ತೇ."

ಡ್ವಾನಾ ಒತ್ತಿದಳು. ಮುಂದಿನ ಪ್ರಶ್ನೆ ಓದಿ ಅವಳ ಮುಖ ಅರಳಿತು.

"ಅಶಕ್ತರಾದ ಯಾರನ್ನಾದ್ರೂ ನೋಡ್ಕೋತಿದ್ದೀರಾ ಅಂತ ಕೇಳ್ತಾ ಇದೆ. ಚಿಕ್ಕಮ್ಮ! ಮದರ್ ಗ್ರಿಗ್ಸ್ಬಿ! ಅವರ ಹೆಸರು ಹಾಕಿದ್ರೆ ಮುಗೀತು. ಗಂಟೆನೂ ಬೇಡ, ಏನೂ ಬೇಡ."

ಒಜೆಲ್ಲಾ ಚಾಕು ಕೆಳಗಿಟ್ಟಳು.

"ಆ ಹೆಸರು ಅದರೊಳಗೆ ಹಾಕಿದ್ರೆ ನಿನ್ನ ಕೈ ಮುರೀತೀನಿ."

"ಯಾಕೆ? ಸುಳ್ಳಲ್ವಲ್ಲ."

"ಸುಳ್ಳಲ್ಲ ಅಂತಾನೇ ಬೇಡ ಅನ್ನೋದು. ಅಮ್ಮನ ಹತ್ರ ಹನ್ನೊಂದು ವಾರ ಕೂತ್ರಲ್ಲ ಅವರು, ಯಾವ ಆಫೀಸಿಗೆ ಹೋಗಿ ಬರೆಸಿಕೊಂಡ್ರು? ಅವರ ಹಾಸಿಗೆ ಬಟ್ಟೆ ಬದಲಾಯಿಸಿದ್ದಕ್ಕೆ ನಾನು ಔಷಧಿ ತಗೊಳ್ಲಾ? ಆಣೆ ಮಾಡು, ನನಗೆ ಗೊತ್ತಿಲ್ದೆ ಹಾಕಲ್ಲ ಅಂತ."

"ಚಿಕ್ಕಮ್ಮ..."

"ನಿಮ್ಮಮ್ಮನ ಮೇಲೆ ಆಣೆ ಮಾಡು."

ಸತ್ತ ತಾಯಿಯ ಮೇಲೆ ಡ್ವಾನಾ ಆಣೆ ಮಾಡಿದಳು. ಮೋಟೆಲಿನ ಮೂವತ್ತಾರು ಗಂಟೆಯನ್ನಷ್ಟೇ ತುಂಬಿಸಿ ಕಳಿಸಿದಳು. ಆ ಪುಟದ ಲೆಕ್ಕದಲ್ಲಿ ಮೂವತ್ತಾರೂ ಸೊನ್ನೆ, ಎಪ್ಪತ್ತೊಂಬತ್ತೂ ಸೊನ್ನೆ. ಜೂನ್ ತಪ್ಪಿತು ಎಂದು ಕಾಗದ ಬಂತು.

ಒಜೆಲ್ಲಾ ತನ್ನದೇ ಒಂದು ಉಪಾಯ ಹುಡುಕಿಕೊಂಡಳು. ಕಾಗದದಲ್ಲಿದ್ದ ನಂಬರಿಗೆ ಫೋನ್ ಮಾಡಿ, ಮುಕ್ಕಾಲು ಗಂಟೆ ಪಿಟೀಲು ಸಂಗೀತ ಕೇಳಿದ ಮೇಲೆ ಸಿಕ್ಕಿದ ಹೆಂಗಸಿಗೆ ಹೇಳಿದಳು: "ನೋಡಿ ಮೇಡಂ, ಡಿಸೆಂಬರಲ್ಲಿ ನಾನು ಮುನ್ನೂರು ಗಂಟೆ ಮಾಡ್ತೀನಿ. ಹೋದ ವರ್ಷನೂ ಮಾಡಿದೀನಿ, ಮಿಸ್ಟರ್ ಡೇಲ್ ಹತ್ರ ಕೇಳಿ. ಅದರಲ್ಲಿ ಒಂದಿಷ್ಟು ತೆಗೆದು ಜೂನ್, ಜುಲೈಗೆ ಹಾಕ್ಕೊಳಿ."

"ಹಾಗೆ ಬರಲ್ಲ ಅಮ್ಮಾ. ಆಯಾ ತಿಂಗಳದ್ದು ಆಯಾ ತಿಂಗಳಿಗೆ."

"ಬಾತು ಜುಲೈನಲ್ಲಿ ಬರಲ್ವಲ್ಲ."

"ಅದಕ್ಕೆ ನಮ್ಮ ಹತ್ರ ಯಾವ ಆಯ್ಕೆನೂ ಇಲ್ಲ," ಎಂದಿತು ಆ ದನಿ. ಅವಳದ್ದೂ ತಪ್ಪಿರಲಿಲ್ಲ ಬಿಡಿ. ಅವಳ ಮುಂದಿದ್ದ ಪುಟದಲ್ಲೂ ಬಾತುಗಳಿಗೆ ಜಾಗವಿರಲಿಲ್ಲ.

ಜುಲೈ ತಪ್ಪಿತು. ಆಗಸ್ಟ್ ಕೊನೆಯ ಹೊತ್ತಿಗೆ ಒಜೆಲ್ಲಾಳಿಗೆ ಒಳಗೊಳಗೇ ಭಯ ಹೊಕ್ಕಿತು. ಹಟ ಸಡಿಲಾಗತೊಡಗಿತು ಎಂದೇ ಹೇಳಬೇಕು. ಒಂದು ಮಧ್ಯಾಹ್ನ ಮದರ್ ಗ್ರಿಗ್ಸ್ಬಿಗೆ ಮುಖ ಒರೆಸಿ, ತಲೆ ಬಾಚಿ, ದಿಂಬಿಗೆ ಒರಗಿಸಿ ಕೂರಿಸಿದ ಮೇಲೆ ಅವಳು ಹಾಸಿಗೆಯ ಅಂಚಿನಲ್ಲಿ ಕೂತಳು. ಕೈಗವಸು ತೊಡಿಸಿದವರೇ ಅಪ್ಪಣೆ ಕೊಟ್ಟರೆ ಮಾತು ಮುರಿದ ಹಾಗಾಗುವುದಿಲ್ಲ ಎಂದು ಅವಳಿಗೆ ಹೊಳೆದಿತ್ತು.

"ಮದರ್, ಒಂದು ಮಾತು ಕೇಳ್ಲಾ?"

"ಹೂಂ ಮಗಳೇ."

"ನಾನು ಇಲ್ಲಿ ಕೂರೋ ಗಂಟೆನ ಸರ್ಕಾರಕ್ಕೆ ಬರ್ಕೊಡ್ಲಾ? ಬರೀದಿದ್ರೆ ನನ್ನ ಔಷಧಿ ನಿಲ್ಲುತ್ತೆ."

ಮುದುಕಿ ಅವಳನ್ನೇ ನೋಡಿದರು. ನೆಟ್ಟಗಿದ್ದ ಎಡಗಣ್ಣು ತುಂಬಿ ಬಂದಿತ್ತೋ, ದಿನವೂ ಒಸರುವಂತೆ ಒಸರಿತ್ತೋ, ಹೇಳುವವರು ಯಾರು? "ಹೂಂ ಮಗಳೇ."

ಒಜೆಲ್ಲಾಳ ಎದೆಯಿಂದ ಕಲ್ಲು ಇಳಿದ ಹಾಗಾಯಿತು. ಆದರೆ ಅವಳು ಎಂಥವಳೆಂದರೆ, ಕೈಗೆ ಬಂದ ಅಪ್ಪಣೆಯನ್ನು ಸುಮ್ಮನೆ ತೆಗೆದುಕೊಂಡು ಏಳಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಕೇಳಿದಳು:

"ಬರೀಬೇಡ ಅಂತೀರಾ, ಮದರ್?"

"ಹೂಂ ಮಗಳೇ."

ಒಜೆಲ್ಲಾ ನಕ್ಕುಬಿಟ್ಟಳು. ಆಮೇಲೆ ಆ ಮುದುಕಿಯ ಜೀವವಿಲ್ಲದ ಬಲಗೈಯನ್ನು ಮಡಿಲಿಗೆ ಎಳೆದುಕೊಂಡು ಅತ್ತಳು. ಬಾಯಿ ಇದ್ದಾಗ ಆಡಿದ ಮಾತೊಂದೇ ಅವಳ ಪಾಲಿಗೆ ಉಳಿದದ್ದು. ಎಣಿಸಬೇಡ.

ಅವಳನ್ನು ಮೂರ್ಖಳು ಎಂದವರು ನಮ್ಮಲ್ಲಿ ಇದ್ದಾರೆ. ನಾನು ಅನ್ನಲಾರೆ. ಜೀವನದಲ್ಲಿ ಕೂಲಿಗಾಗಿ ಮಾಡದ ಕೆಲಸ ಅಂತ ಅವಳಿಗೆ ಇದ್ದದ್ದು ಅದೊಂದೇ. ಉಳಿದ ಎಲ್ಲ ಗಂಟೆಗಳನ್ನೂ ಯಾರಾದರೂ ಒಬ್ಬರು ಗಡಿಯಾರ ಹಿಡಿದು, ದುಡ್ಡು ಕೊಟ್ಟು ಕೊಂಡಿದ್ದರು.

ಆಗಸ್ಟೂ ತಪ್ಪಿತು. ಸೆಪ್ಟೆಂಬರಿನಲ್ಲಿ ಔಷಧಿ ಅಂಗಡಿಯ ಹೆಂಗಸು ಕಾರ್ಡನ್ನು ಎರಡು ಸಲ ಉಜ್ಜಿ, ತಗ್ಗಿದ ದನಿಯಲ್ಲಿ "ಇದು ನಡೀತಿಲ್ಲ, ಮಿಸ್ ಪೆಟಸ್" ಎಂದಳು. ಒಂದು ಸೀಸೆಗೆ ಅವಳು ಹೇಳಿದ ಬೆಲೆ ಮೋಟೆಲಿನ ಒಂದು ತಿಂಗಳ ಸಂಬಳಕ್ಕಿಂತ ಹೆಚ್ಚಿತ್ತು. ಹಿಂದೆ ಸಾಲಿನಲ್ಲಿ ನಿಂತವರು ಎಲ್ಲ ಗುರುತಿನವರೇ, ಎಲ್ಲರೂ ಕೆಮ್ಮಿನ ಮಿಠಾಯಿಗಳನ್ನು ನೋಡತೊಡಗಿದರು.

ಅಲ್ಲಿಂದ ಅವಳು ನೇರ ಕ್ಲಿನಿಕ್ಕಿಗೆ ಹೋದಳು. ನರ್ಸ್ ಕೊಲೀನ್ ಒಳ್ಳೆಯ ಹೆಂಗಸು. ಮಾದರಿಗೆ ಬಂದಿದ್ದ ಎರಡು ಸೀಸೆ ಚೀಲಕ್ಕೆ ಹಾಕಿ ಕೊಟ್ಟು, ಬಾಗಿಲು ಮುಂದಕ್ಕೆ ಮಾಡಿ ಹೇಳಿದಳು:

"ಒಜೆಲ್ಲಾ, ಡಾಕ್ಟ್ರು ಒಂದು ಸಾಲು ಬರೆದ್ರೆ ಸಾಕು. ಇವಳು ಕಾಯಿಲೆಯಿಂದ ಅಶಕ್ತೆ ಅಂತ. ಮೇಲ್ಮನವಿ ಹಾಕೋಣ."

"ಅಶಕ್ತೆ ಅಂತ ಬರೆದ್ಮೇಲೆ ನಾನು ಶೆಡ್ಡಲ್ಲಿ ನಿಲ್ಲಬಹುದಾ?"

ಕೊಲೀನ್ ತಡವರಿಸಿದಳು. "ನಿಲ್ಲಬಹುದು... ಅವರು ಕೇಳೋದು ಬೇರೆ ಥರ ಅಶಕ್ತೆ."

"ಅಶಕ್ತಿಲೂ ಎರಡು ಥರ ಇದೆಯಾ ತಾಯಿ? ನಂಗೆ ಬರೋದು ಒಂದೇ ಥರ. ಅದು ಬಂದಾಗ ಹೇಳ್ತೀನಿ."

ಆಮೇಲೆ ಎಷ್ಟೋ ದಿನ ಕೊಲೀನ್ ಈ ಮಾತನ್ನು ನೆನೆದು ಹಲುಬುತ್ತಿದ್ದಳು. ಕೈ ಹಿಡಿದು ಕೂರಿಸಿ ಬರೆಸಬೇಕಿತ್ತು ಎನ್ನುತ್ತಿದ್ದಳು.

ಎರಡು ಸೀಸೆ ಮತ್ತು ಮನೆಯಲ್ಲಿ ಉಳಿದಿದ್ದ ಅರ್ಧ ಸೀಸೆ. ಜನವರಿಯವರೆಗೆ ಇದನ್ನೇ ಎಳೆಯಬೇಕು ಎಂದು ಒಜೆಲ್ಲಾ ತೀರ್ಮಾನಿಸಿದಳು. ಎರಡು ಹೊತ್ತಿನ ಸೂಜಿ ಒಂದು ಹೊತ್ತಾಯಿತು. ಆಮೇಲೆ ಅದರಲ್ಲೂ ಅರ್ಧ. ಜೋಳದ ರೊಟ್ಟಿ ಬಿಟ್ಟಳು, ಸಿಹಿಗೆಣಸು ಬಿಟ್ಟಳು, ಬೇಯಿಸಿದ ಸೊಪ್ಪಿನ ಮೇಲೆ ಬದುಕಿದಳು. ರಾತ್ರಿಯೆಲ್ಲ ನೀರು ಕುಡಿಯುವುದು, ಏಳುವುದು. ಮೈ ಒಣಗಿತು. ಡ್ವಾನಾ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುತ್ತಿದ್ದಳು. ಒಂದು ದಿನ ತಡೆಯಲಾರದೆ ಜಗಳ ತೆಗೆದಳು.

"ಚರ್ಚಲ್ಲಿ ಹೇಳು ಚಿಕ್ಕಮ್ಮ. ಒಂದು ಭಾನುವಾರ ಕಾಣಿಕೆ ತಟ್ಟೆ ತಿರುಗಿಸಿದ್ರೆ ನಿನ್ನ ಔಷಧಿ ಬರುತ್ತೆ."

"ತಟ್ಟೇಲಿ ಹಾಕೋರೆಲ್ಲ ನನ್ನ ಹಾಗೇ ಇರೋರು. ಯಾರ ಮಾತ್ರೆ ಕಿತ್ಕೊಂಡು ನಾನು ಬದುಕಲಿ? ಮೂರೇ ತಿಂಗಳು ಕಣೇ. ಬಾತು ಬರ್ಲಿ, ಎಲ್ಲ ಸರಿಹೋಗುತ್ತೆ."

ಬಾತು ಬಂತು. ಅಷ್ಟರೊಳಗೆ ಅವಳ ಬಲಗಾಲಿನ ಹೆಬ್ಬೆರಳ ಬುಡದಲ್ಲಿ ಒಂದು ಗುಳ್ಳೆ ಎದ್ದು ಒಡೆದಿತ್ತು. ನೋವಿರಲಿಲ್ಲ. ನೋವಿದ್ದಿದ್ದರೆ ಒಳ್ಳೆಯದಿತ್ತು. ಬಟ್ಟೆ ಸುತ್ತಿ ರಬ್ಬರ್ ಬೂಟಿನೊಳಗೆ ಕಾಲು ತುರುಕಿ ಅವಳು ಶೆಡ್ಡಿಗೆ ಹೋದಳು. ಒದ್ದೆ ನೆಲ, ಬಿಸಿ ಮೇಣ, ರಕ್ತ, ಕರುಳು, ಹನ್ನೆರಡು ಗಂಟೆ. ಕೂಲಿ ಕೈಗೆ ಬರುವುದು ಮಾತ್ರ ಬಾತಿನ ಕಾಲ ಮುಗಿದ ಮೇಲೆ. ಆ ವರ್ಷ ಹಕ್ಕಿ ಹೇರಳ. ಓವರ್ಬಿ ಖುಷಿಯಲ್ಲಿದ್ದ.

"ಒಜೆಲ್ಲಾ, ಸೊರಗಿದ್ದೀಯಲ್ಲೇ. ಡಯಟ್ ಮಾಡ್ತಿದ್ದೀಯಾ?"

"ಹೌದು ಮಿಸ್ಟರ್ ಡೇಲ್. ಸರ್ಕಾರದವರು ಮಾಡಿಸ್ತಿದಾರೆ."

ಅವನು ಗಹಗಹಿಸಿ ನಕ್ಕ. ಕಾಲಿನಿಂದ ವಾಸನೆ ಬರತೊಡಗಿದ್ದು ಡಿಸೆಂಬರ್ ಎರಡನೆಯ ವಾರ. ಮನೆಯಲ್ಲಿ ಡ್ವಾನಾ ಮೂಗು ಅರಳಿಸಿ ಏನದು ಎಂದರೆ, ಬಾತಿನ ಕರುಳು ಕಣೇ, ಬೂಟಿಗೆ ಮೆತ್ತಿದೆ ಎನ್ನುವಳು. ಶೆಡ್ಡಿನಲ್ಲಿ ಏನದು ಎಂದು ಕೇಳುವವರೂ ಇರಲಿಲ್ಲ. ಸಾವಿರ ಸತ್ತ ಹಕ್ಕಿಗಳ ನಡುವೆ ಒಂದು ಕಾಲು ಕೊಳೆತರೆ ಯಾರಿಗೆ ತಿಳಿಯಬೇಕು? ಆ ತಿಂಗಳ ಹತ್ತೊಂಬತ್ತರ ಹೊತ್ತಿಗೆ ಅವಳ ಗಂಟೆಗಳು ಇನ್ನೂರು ದಾಟಿದ್ದವು. ಎರಡು ತಿಂಗಳಿಗೆ ಸಾಲುವಷ್ಟು ದುಡಿದಿದ್ದಳು, ಮೂರನೆಯದರ ಅರ್ಧವೂ ಆಗಿತ್ತು. ಕಾರ್ಡ್ ಮಾತ್ರ ಬಂದ್. ಜನವರಿ ಬರಬೇಕಿತ್ತು.

ಹತ್ತೊಂಬತ್ತರ ಬೆಳಿಗ್ಗೆ ಹತ್ತೂವರೆಗೆ, ಮೇಣದ ತೊಟ್ಟಿಯ ಪಕ್ಕ, ಕೈಯಲ್ಲಿದ್ದ ಹಕ್ಕಿಗೆ ಚೀಟಿ ಕಟ್ಟಿ ಮುಗಿಸಿ ಅವಳು ಬಿದ್ದಳು. ಬೂಟು ಎಳೆದ ಹುಡುಗಿ ಕಿರುಚಿಕೊಂಡು ಹೊರಗೆ ಓಡಿದಳು. ಓವರ್ಬಿಯೇ ತನ್ನ ಗಾಡಿಯ ಹಿಂಬದಿಗೆ ಅವಳನ್ನು ಹಾಕಿಕೊಂಡು ನದಿಯಾಚೆಯ ದೊಡ್ಡ ಆಸ್ಪತ್ರೆಗೆ ಓಡಿಸಿದ. ದಾರಿಯಲ್ಲಿ ಅವನು ಅತ್ತನಂತೆ. ಅಳಲಿ ಬಿಡಿ.

ಕೀವು ಮೂಳೆಗೆ ಇಳಿದಿತ್ತು. ಮಂಡಿಯ ಕೆಳಗೆ ಕತ್ತರಿಸಿದರು. ಇಪ್ಪತ್ತಮೂರು ವರ್ಷ ನಿಂತ ಕಾಲನ್ನು ಅರ್ಧ ದಿನದಲ್ಲಿ ತೆಗೆದು ಎಲ್ಲಿಗೆ ಹಾಕಿದರೋ ಗೊತ್ತಿಲ್ಲ.

ಆಸ್ಪತ್ರೆಯಲ್ಲಿ ಕಾಗದಪತ್ರ ನೋಡುವ ಒಬ್ಬ ತರುಣಿ ಇದ್ದಳು. ಒಜೆಲ್ಲಾ ಇನ್ನೂ ಮಂಪರಿನಲ್ಲಿದ್ದಾಗಲೇ ಅವಳು ಹೊಸ ಅರ್ಜಿ ತುಂಬಿಸಿ ಕಳಿಸಿದ್ದಳು. ಪ್ರಶ್ನೆಗಳನ್ನು ಅವಳು ಒಜೆಲ್ಲಾಳಿಗೆ ಓದಿ ಹೇಳಲಿಲ್ಲ. ಕೇಳುವ ಅಗತ್ಯವೂ ಕಾಣಲಿಲ್ಲ. ಜನವರಿ ಕೊನೆಗೆ ಮನೆಗೆ ಕಾಗದ ಬಂತು, ಈ ಸಲ ಒಂದೇ ಪುಟ. ಕಾಯಿಲೆಯಿಂದ ಅಶಕ್ತೆ ಎಂದು ಗುರುತಿಸಿ ನಿಮಗೆ ವಿನಾಯಿತಿ ಕೊಡಲಾಗಿದೆ. ಕಾರ್ಡ್ ಚಾಲ್ತಿಯಲ್ಲಿದೆ. ಅದಾದ ಒಂಬತ್ತು ದಿನಕ್ಕೆ ಅವಳಿಗೆ ಐವತ್ತು ತುಂಬಿತು. ಇನ್ನು ಆ ವಿನಾಯಿತಿಯೂ ಬೇಕಿರಲಿಲ್ಲ.

ಬಿಳಿ ಕೈಗವಸಿನ ಹೆಂಗಸರು ಈಗ ಅವಳ ಮನೆಗೆ ಬರತೊಡಗಿದರು. ಮೊದಮೊದಲು ಅವಳು ಗೋಡೆಗೆ ತಿರುಗಿ ಮಲಗುತ್ತಿದ್ದಳು. ಬೇರೆಯವರಿಂದ ಮೈ ಒರೆಸಿಸಿಕೊಳ್ಳುವುದನ್ನು ಕಲಿಯಲು ಅವಳಿಗೆ ತಿಂಗಳು ಬೇಕಾಯಿತು. ಒರೆಸುವುದು ಸುಲಭ, ಒರೆಸಿಸಿಕೊಳ್ಳುವುದೇ ಕಷ್ಟ ಎಂದು ಒಮ್ಮೆ ಅಂದಳು. ಹೆಚ್ಚಿನ ಹೊತ್ತು ಕೂರುತ್ತಿದ್ದವಳು ಡ್ವಾನಾ. ಅಂಗಡಿಯಲ್ಲಿ ಅವಳ ಗಂಟೆಗಳನ್ನು ವಾರಕ್ಕೆ ಹದಿನಾರಕ್ಕೆ ಇಳಿಸಿದ್ದರು. ಉಳಿದ ಹೊತ್ತೆಲ್ಲ ಚಿಕ್ಕಮ್ಮನ ಹಾಸಿಗೆಯ ಬಳಿಯೇ ಇರುತ್ತಿದ್ದಳು. ಫೆಬ್ರವರಿಯಲ್ಲಿ ಅವಳೂ ಕೈಗವಸು ತೊಡುತ್ತೇನೆಂದು ಕೇಳಿದಳು. ಮದರ್ ಗ್ರಿಗ್ಸ್ಬಿಯನ್ನು ಗಾಲಿಕುರ್ಚಿಯಲ್ಲಿ ಚರ್ಚಿಗೆ ಕರೆತಂದರು. ಒಜೆಲ್ಲಾ ತನ್ನದೇ ಜೋಡಿಯನ್ನು ಒಗೆಸಿ ಕಳಿಸಿದ್ದಳು. ಮಾತು ಹೇಳಬೇಕಾದವರು ಹೇಳಲಾರದೆ "ಹೂಂ ಮಗಳೇ" ಎಂದರು. ಹೇಳಬೇಕಾದ ಮಾತು ಡ್ವಾನಾಗೆ ಗೊತ್ತೇ ಇತ್ತು.

ಮಾರ್ಚ್ ಐದರ ಸಂಜೆ ಡ್ವಾನಾ ಸೂಪ್ ಬಿಸಿ ಮಾಡಲು ಒಳಗೆ ಹೋಗಿದ್ದಾಗ ಒಜೆಲ್ಲಾ ಕನ್ನಡಕ ಹುಡುಕುತ್ತ ಅವಳ ಚೀಲಕ್ಕೆ ಕೈ ಹಾಕಿದಳು. ಕೈಗೆ ಸಿಕ್ಕಿದ್ದು ಒಂದು ಕಾಗದ. ಅದರ ಬಣ್ಣ, ಅದರ ಮೇಲಿನ ಮುದ್ರೆ ಅವಳಿಗೆ ಚೆನ್ನಾಗಿ ಗೊತ್ತು. ಡ್ವಾನಾಗೆ ಜನವರಿ ತಪ್ಪಿತ್ತು. ಫೆಬ್ರವರಿಯದ್ದನ್ನು ತೋರಿಸಲು ಈ ದಿನವೇ ಕೊನೆ.

"ಡ್ವಾನಾ!"

ಅವಳು ಬಟ್ಟಲು ಹಿಡಿದು ಓಡಿ ಬಂದಳು. ಕಾಗದ ನೋಡಿ ಬಾಗಿಲಲ್ಲೇ ನಿಂತಳು.

"ಅರವತ್ತನಾಲ್ಕು ಗಂಟೆ ಆಗಿದೆ ಚಿಕ್ಕಮ್ಮ. ಇನ್ನೊಂದು ಹದಿನಾರು ಎಲ್ಲಾದ್ರೂ..."

"ಇಲ್ಲಿ ಕೂತಿದ್ದೀಯಲ್ಲ, ಇದು ಹಾಕಿದ್ಯಾ?"

"ಇಲ್ಲ."

"ಯಾಕೆ?"

"ನೀನೇ ತಾನೆ ಹೇಳಿದ್ದು," ಎಂದಳು ಡ್ವಾನಾ. "ಎಣಿಸಿದ್ರೆ ಕೂಲಿ ಆಗುತ್ತೆ ಅಂತ. ನನ್ನ ಹತ್ರ ಆಣೆ ಮಾಡಿಸ್ಕೊಂಡಿದ್ದು ನೀನೇ ತಾನೆ?"

ಅಂಗಡಿಯ ಗಲ್ಲಾಪೆಟ್ಟಿಗೆಯ ಮುಂದೆ ಈ ಹುಡುಗಿ ಮಾತ್ರೆಯಿಲ್ಲದೆ ನಿಂತಲ್ಲೇ ಬೀಳುವುದು, ಸಿಮೆಂಟು ನೆಲಕ್ಕೆ ತಲೆ ಬಡಿಯುವುದು ಒಜೆಲ್ಲಾಳ ಕಣ್ಣಿಗೆ ಕಟ್ಟಿರಬೇಕು. ಹೊದಿಕೆ ಒಂದು ಕಡೆ ಉಬ್ಬಿ ಇನ್ನೊಂದು ಕಡೆ ನಡುವಿನಲ್ಲೇ ಚಪ್ಪಟೆಯಾಗಿತ್ತು. ಅವಳು ಅದನ್ನೇ ನೋಡುತ್ತಿದ್ದಳು.

"ಹೇಳಿದ್ದೆ," ಎಂದಳು ಕೊನೆಗೆ. "ಆಗ ನಂಗೆ ಎರಡು ಕಾಲಿತ್ತು. ಫೋನ್ ತಗೊಂಡು ಬಾ."

"ಬೇಡ ಚಿಕ್ಕಮ್ಮ."

"ತಗೊಂಡು ಬಾ ಅಂದೆ. ಒಂಬತ್ತಕ್ಕೆ ಬಾಗಿಲು ಹಾಕ್ತಾರೆ ಅವರು."

ಡ್ವಾನಾ ಹಾಸಿಗೆಯ ಅಂಚಿನಲ್ಲಿ ಕೂತು, ತೊಟ್ಟಿದ್ದ ಬಿಳಿ ಗವಸುಗಳಲ್ಲಿ ಎಡಗೈಯದನ್ನಷ್ಟೇ ಕಳಚಿ ಪುಟ ತೆರೆದಳು. ಅಶಕ್ತರನ್ನು ನೋಡಿಕೊಳ್ಳುತ್ತಿದ್ದೀರಾ ಎನ್ನುವಲ್ಲಿಗೆ ಬಂದು, ಹೆಸರು ಕೇಳುವಲ್ಲಿಗೆ ಬಂದು, ನಿಂತಳು.

"ಬರಿ. ಒಜೆಲ್ಲಾ ಪೆಟಸ್."

ಬರೆದಳು. ಮುಂದಿನದನ್ನು ಮನಸ್ಸಿನಲ್ಲೇ ಓದಿಕೊಂಡು ಫೋನನ್ನು ಎದೆಗೆ ಒತ್ತಿ ಹಿಡಿದಳು.

"ಗಟ್ಟಿಯಾಗಿ ಓದೇ."

"ಆ ವ್ಯಕ್ತಿ," ಡ್ವಾನಾ ಓದಿದಳು, "ತನ್ನ ಕೆಲಸ ತಾನು ಮಾಡಿಕೊಳ್ಳಲಾರದಷ್ಟು ಅಶಕ್ತರೇ?"

ಮೇಣದ ತೊಟ್ಟಿಯ ಮುಂದೆ ಇಪ್ಪತ್ತಮೂರು ಚಳಿಗಾಲ ನಿಂತ ಹೆಂಗಸು ಕಿಟಕಿಯ ಕಡೆ ಮುಖ ತಿರುಗಿಸಿದಳು.

"ಹೂಂ ಮಗಳೇ," ಎಂದಳು. "ಹೂಂ ಅಂತ ಒತ್ತು."

ಡ್ವಾನಾ ಒತ್ತಿದಳು. ಮತ್ತೆ ಒತ್ತಿದಳು. ಫೋನು ಎಡಗೈಯಲ್ಲಿತ್ತು, ಗವಸು ಹಾಕಿದ ಬಲಗೈಯ ಬೆರಳಿಗೆ ಅದು ಓಗೊಡಲಿಲ್ಲ. ಒಜೆಲ್ಲಾ ಅವಳ ಬಲಗೈಯನ್ನು ತನ್ನ ಕಡೆಗೆ ಎಳೆದುಕೊಂಡು, ಆ ಬಿಳಿ ಗವಸನ್ನು ಒಂದೊಂದೇ ಬೆರಳು ಬಿಡಿಸಿ ತೆಗೆದು, ಮಡಿಚಿ ತನ್ನ ದಿಂಬಿನ ಕೆಳಗೆ ಇಟ್ಟುಕೊಂಡಳು.